ಬಿಟ್ಟ ವಾರದ ಚೆನ್ನಿ

ಅನ್ನ ಬಸಿಯುವಾಗ ಏಳುವ ಹಬೆಯ ವಾಸನೆ ನಿಮಗೂ ಗೊತ್ತಿದ್ದೀತು. ಕುಕ್ಕರಿನ ಅನ್ನಕ್ಕೆ ಅದಿಲ್ಲ. ಅಗಲ ಬಾಯಿಯ ಪಾತ್ರೆಯಲ್ಲಿ ಅಕ್ಕಿ ಬೆಂದು, ಮುಚ್ಚಳವನ್ನು ಓರೆಯಾಗಿ ಒತ್ತಿ ಹಿಡಿದು ಬಗ್ಗಿಸಿದಾಗ ಬೆಳ್ಳಗೆ ಮಂದವಾಗಿ ಗಂಜಿ ಇಳಿಯುತ್ತದಲ್ಲ, ಆಗ ಮುಖಕ್ಕೆ ಬಡಿಯುವ ವಾಸನೆ ಅದು. ಹಸಿವನ್ನೂ ನಿದ್ದೆಯನ್ನೂ ಒಟ್ಟಿಗೆ ತರುತ್ತದೆ. ಎಷ್ಟೋ ವರ್ಷ ನನ್ನಿಂದ ತಪ್ಪಿಸಿಕೊಂಡಿದ್ದ ಆ ವಾಸನೆ ಕಲ್ಕತ್ತೆಗೆ ಮಗನ ಮನೆಗೆ ಬಂದ ಮೇಲೆ ಮತ್ತೆ ಸಿಕ್ಕಿತು. ಇಲ್ಲಿಯವರು ಈಗಲೂ ಅನ್ನ ಬಸಿದೇ ಉಣ್ಣುತ್ತಾರೆ. ನಮ್ಮಲ್ಲಿ ಅಡುಗೆಗೆ ಬರುವ ಮಿನತಿ ದಿನಾ ಅದೇ ಹೊತ್ತಿಗೆ ಅಡುಗೆಮನೆಯಿಂದ ಕೂಗುತ್ತಾಳೆ, "ಮಾಶಿಮಾ, ಫ್ಯಾನ್ ಫೇಲೇ ದೇಬೋ?" ದೊಡ್ಡಮ್ಮ, ಗಂಜಿ ಚೆಲ್ಲಿಬಿಡಲಾ ಅಂತ. ಬಸಿದ ಗಂಜಿಗೆ ಬಂಗಾಳಿಯಲ್ಲಿ ಫ್ಯಾನ್ ಅನ್ನುತ್ತಾರೆ. "ಚೆಲ್ಲಬೇಡವೇ ನನ್ನ ತಾಯಿ" ಎಂದು ನಾನು ಕನ್ನಡದಲ್ಲೇ ಕೂಗಿ, ಲೋಟ ಹಿಡಿದುಕೊಂಡು ಓಡುತ್ತೇನೆ. ಒಂದು ಹರಳು ಉಪ್ಪು, ಒಂದು ಚೂರು ಮಜ್ಜಿಗೆ. ಕುಡಿದರೆ ನಾನು ಅರಸೀಕೆರೆಯ ರೈಲ್ವೆ ಲೈನಿನ ಮನೆಯಲ್ಲಿ, ಲಂಗ ಉಟ್ಟುಕೊಂಡು, ಹೊಸ್ತಿಲ ಮೇಲೆ ಕೂತಿರುತ್ತೇನೆ.

ಈ ಫ್ಯಾನಿನ ವಿಷಯ ಮೊದಲೇ ಹೇಳಿದ್ದಕ್ಕೆ ಕಾರಣ ಉಂಟು. ಕಳೆದ ಚಳಿಗಾಲದ ಒಂದು ಬೆಳಗ್ಗೆ ನನ್ನ ಮಗ ಶ್ರೀಧರನೂ ಮೊಮ್ಮಗಳು ಇಳಾಳೂ ಹಜಾರದಲ್ಲಿ ಜೋರುಜೋರಾಗಿ ಮಾತಾಡುತ್ತಿದ್ದರು. ಶ್ರೀಧರ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಾನೆ. ಆದರೆ ಮನೆ ತುಂಬ ಕನ್ನಡ ಪುಸ್ತಕ ಇಟ್ಟುಕೊಂಡಿದ್ದಾನೆ, ಒಂದಕ್ಷರ ತಪ್ಪಿದರೂ ಸಹಿಸುವುದಿಲ್ಲ. ಇಳಾ ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ, ಲೇಕ್ ಹತ್ತಿರದ ಇದೇ ಫ್ಲ್ಯಾಟಿನಲ್ಲಿ. ಅವಳಿಗೆ ಅಪ್ಪ ಬಾಬಾ, ಅವಳ ಕನ್ನಡ ಬಂಗಾಳಿಯ ನೀರು ಕುಡಿದ ಕನ್ನಡ. ಕುಡಿದ ಅಂದೆನಲ್ಲ, ಅವಳಾದರೆ ತಿಂದ ಅನ್ನುತ್ತಾಳೆ. ಇಲ್ಲಿ ನೀರನ್ನೂ ಚಹಾವನ್ನೂ ತಿನ್ನುವುದೇ ರೂಢಿ. ಪುಟ್ಟ ಮಗುವಾಗಿದ್ದಾಗಿಂದ ನನ್ನ ಮುಂದೆ ಲೋಟ ಹಿಡಿದು "ಅಜ್ಜಿ, ನೀರು ತಿಂತೀಯಾ?" ಎಂದೇ ಕೇಳುವುದು. "ಕುಡೀತೀಯಾ ಅನ್ನೇ, ನೀರು ಯಾರಾದರೂ ತಿಂತಾರೇನೇ" ಎಂದು ಶ್ರೀಧರ ತಿದ್ದುವುದು, ಅವಳು ತಲೆಯಾಡಿಸುವುದು, ನಾಳೆ ಮತ್ತೆ ಅದನ್ನೇ ಕೇಳುವುದು. ನನಗಂತೂ ಹಾಗೆ ಕೇಳಿದರೇ ಬಾಯಾರಿಕೆ ಇಂಗುವುದು.

ಆವತ್ತು ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದದ್ದು ಒಂದೇ, ಫ್ಯಾನ್ ಫಿಕ್ಷನ್. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಇಂಗ್ಲಿಷು ಬಾರದು. "ಫಿಕ್ಷನ್ ಅಂದರೆ ಏನೋ?" ಎಂದೆ. "ಕಥೆ ಅಮ್ಮ" ಎಂದ ಶ್ರೀಧರ. ಸರಿ, ಫ್ಯಾನ್ ಅಂದರೆ ನನಗೆ ಗೊತ್ತಲ್ಲ. "ಗಂಜಿ ಕಥೆ ಬರೆದರೆ ಮಗೂಗೆ ಯಾಕೋ ಬೈತೀಯ? ಅನ್ನದ ಸತ್ವವೆಲ್ಲ ಇರೋದೇ ಗಂಜೀಲಿ" ಎಂದುಬಿಟ್ಟೆ. ಇಬ್ಬರೂ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ಇಳಾ ನಕ್ಕಳು ನೋಡಿ, ಸೋಫಾದಿಂದ ನೆಲಕ್ಕೆ ಜಾರಿಕೊಂಡು ನಕ್ಕಳು. ನಗುವಾಗಲೇ ಕಣ್ಣಲ್ಲಿ ನೀರು. ಅದು ನಗುವಿನ ನೀರಲ್ಲ ಅಂತ ಅಜ್ಜಿಯಾದವಳಿಗೆ ತಿಳಿಯದೇ?

ಅವಳೇ ವಿವರಿಸಿದಳು. ಈ ಫ್ಯಾನ್ ಬೇರೆ, ಅಭಿಮಾನಿ ಅಂತ ಅರ್ಥ. ಒಂದು ಕಥೆ ತುಂಬ ಇಷ್ಟವಾದರೆ ಅದನ್ನು ಓದಿದವರೇ, ನೋಡಿದವರೇ ಅದರ ಮುಂದಿನದನ್ನೋ ನಡುವೆ ಬಿಟ್ಟುಹೋದದ್ದನ್ನೋ ಬರೆದು ಕಂಪ್ಯೂಟರಿನಲ್ಲಿ ಹಾಕುತ್ತಾರಂತೆ. ಯಾವ ಯಾವುದೋ ಊರಿನವರು ಓದುತ್ತಾರಂತೆ. ಇಳಾ ನೋಡುತ್ತಿದ್ದ ಒಂದು ಇಂಗ್ಲಿಷ್ ಧಾರಾವಾಹಿಯಲ್ಲಿ ಅರಮನೆಯ ದೀಪ ಹಚ್ಚುವ ಒಬ್ಬ ಹುಡುಗಿ ಇದ್ದಾಳಂತೆ. ಬರುತ್ತಾಳೆ, ದೀಪ ಹಚ್ಚುತ್ತಾಳೆ, ಹೋಗುತ್ತಾಳೆ. ಒಂದು ಮಾತೂ ಇಲ್ಲ. "ಅವಳು ಎಲ್ಲಿ ಮಲಗ್ತಾಳೆ ಅಜ್ಜಿ? ಅವಳಿಗೆ ಕತ್ತಲೆ ಅಂದ್ರೆ ಭಯಾನಾ? ಯಾರೂ ಕೇಳೋದೇ ಇಲ್ಲ" ಎಂದಳು ಇಳಾ. ಅದಕ್ಕೆ ಅವಳೇ ಕೇಳಿಕೊಂಡು, ಅವಳೇ ಬರೆದಿದ್ದಳು. ಅದರಲ್ಲಿ ಒಂದನ್ನು ಕಾಲೇಜಿನ ಪತ್ರಿಕೆಗೆ ಕೊಟ್ಟಿದ್ದಳು. ಇದು ಸ್ವಂತದ್ದಲ್ಲ, ಇಂಥದ್ದನ್ನು ಸಾಹಿತ್ಯ ಅನ್ನಲಾಗದು ಅಂತ ಹಿಂದಕ್ಕೆ ಕೊಟ್ಟರಂತೆ. ಮನೆಗೆ ಬಂದು ಅಪ್ಪನಿಗೆ ಹೇಳಿಕೊಂಡರೆ ಅವನೂ ಅವರ ಪರವೇ ನಿಂತ. "ಯಾರೋ ಹೆತ್ತ ಮಕ್ಕಳಿಗೆ ನೀನು ಕೂತು ತಲೆ ಬಾಚ್ತಾ ಇದ್ದೀಯ ಇಳಾ. ಚೆನ್ನಾಗಿ ಬರೀತೀಯ, ಅದಕ್ಕೇ ಹೇಳ್ತಿರೋದು. ಬೇರೆಯವರ ಬೆನ್ನ ಮೇಲೆ ಕೂತು ಹೋದರೆ ನಿನ್ನ ಕಾಲಿಗೆ ಬಲ ಬರೋದು ಯಾವಾಗ?" ಅಂದ. ಪ್ರೀತಿಯಿಂದಲೇ ಅಂದ, ಸುಳ್ಳು ಹೇಳಬಾರದು. ಆದರೆ ಹುಡುಗಿಯ ಮುಖ ಸಣ್ಣಗಾಯಿತು. "ಆಯ್ತು ಬಾಬಾ. ಪರೀಕ್ಷೆ ಮುಗಿಲಿ, ಎಲ್ಲಾ ಅಳಿಸಿಬಿಡ್ತೀನಿ. ಇನ್ನು ಬರೆಯೋದೇ ಇಲ್ಲ" ಎಂದು ಎದ್ದು ಹೋದಳು.

ನನ್ನ ಮನಸ್ಸು ಮಾತ್ರ ಆ ತಲೆ ಬಾಚುವ ಮಾತಿನಲ್ಲೇ ಸಿಕ್ಕಿಕೊಂಡಿತು. ಯಾರೋ ಹೆತ್ತ ಮಕ್ಕಳಿಗೆ ತಲೆ ಬಾಚುವುದು! ನಾನು ಬೆಳೆದದ್ದೇ ಹಾಗಲ್ಲವೇ?

ಅರಸೀಕೆರೆ ಸ್ಟೇಷನ್ನಿನ ಹಿಂದೆ ರೈಲ್ವೆಯವರ ಸಣ್ಣ ಮನೆಗಳ ಸಾಲಿತ್ತು. ಲೈನು ಅನ್ನುತ್ತಿದ್ದೆವು. ಒಂದು ಗೋಡೆಯ ಆಚೆ ಇನ್ನೊಂದು ಮನೆ, ಒಬ್ಬರ ಮನೆಯಲ್ಲಿ ಸಾಸಿವೆ ಸಿಡಿದರೆ ಇನ್ನೊಬ್ಬರ ಮನೆಯಲ್ಲಿ ಸೀನು. ಹಸಿರು ಬಣ್ಣದ ಬಾಗಿಲು, ಮುಂದೆ ಕಲ್ಲು ಹಾಸಿದ ಪಡಸಾಲೆ, ಎಲ್ಲರಿಗೂ ಸೇರಿ ಒಂದು ನಲ್ಲಿ. ಒಣಹಾಕಿದ ಬಟ್ಟೆಯ ಮೇಲೆ ಇಂಜಿನ್ನಿನ ಮಸಿ ಕೂತು ಬಿಳಿಯ ಪಂಚೆಗೂ ಚುಕ್ಕಿ ಸೀರೆಗೂ ವ್ಯತ್ಯಾಸವೇ ಇರುತ್ತಿರಲಿಲ್ಲ. ಅಪ್ಪನಿಗೆ ಗಾಡಿಗಳ ಡಬ್ಬಿ ಗುಡಿಸುವ ಕೆಲಸ. ಮೈಸೂರು ಪ್ಯಾಸೆಂಜರು ನಮ್ಮೂರಿಗೇ ಕೊನೆಯಾಗುತ್ತಿತ್ತು. ಜನ ಇಳಿದು ಹೋದ ಮೇಲೆ ಅಪ್ಪ ಪೊರಕೆ ಹಿಡಿದು ಹತ್ತುತ್ತಿದ್ದರು. ಸೀಟಿನ ಮೇಲೆ, ಸೀಟಿನ ಅಡಿಯಲ್ಲಿ ಯಾರೋ ಓದಿ ಬಿಟ್ಟುಹೋದ ವಾರಪತ್ರಿಕೆ ಸಿಕ್ಕರೆ ಧೂಳು ಕೊಡವಿ ಮನೆಗೆ ತರುತ್ತಿದ್ದರು. ಕಡಲೆಕಾಯಿ ಸಿಪ್ಪೆಯ ವಾಸನೆ, ಎಣ್ಣೆಯ ಕಲೆ, ಒಮ್ಮೊಮ್ಮೆ ಚಿತ್ರದ ಹೆಂಗಸಿಗೆ ಯಾವುದೋ ಮಗು ಬರೆದ ಮೀಸೆ. ನಾನು ನಾಲ್ಕನೇ ಕ್ಲಾಸಿನ ಮೇಲೆ ಏನಾದರೂ ಓದಲು ಕಲಿತಿದ್ದರೆ ಅದು ಆ ಪತ್ರಿಕೆಗಳಿಂದ. ಪುಣ್ಯಾತ್ಮರು ಯಾರು ಯಾರು ಮರೆತು ಹೋದರೋ, ಅವರ ಮರೆವಿಗೆ ಇವತ್ತಿಗೂ ಕೈಮುಗಿಯುತ್ತೇನೆ.

ಓದಿ ಹೇಳುತ್ತಿದ್ದವಳು ನಾಗತ್ತೆ, ಅಪ್ಪನ ತಂಗಿ. ಅವಳ ಗಂಡ ಕಲ್ಕತ್ತೆಯ ಹಡಗುಕಟ್ಟೆಯಲ್ಲಿ ಕೆಲಸ ಸಿಕ್ಕಿದೆ ಅಂತ ಹೋದವರು, ಒಂದು ಸಲ ಬಂದು ಹೋದರಂತೆ, ಆಮೇಲೆ ಬರಲಿಲ್ಲ. ಬದುಕಿದ್ದಾರೆಂದು ಹೇಳಿದವರಿಲ್ಲ, ಇಲ್ಲವೆಂದು ಹೇಳಿದವರೂ ಇಲ್ಲ. ಹಾಗಾಗಿ ನಾಗತ್ತೆ ಕುಂಕುಮ ಇಟ್ಟುಕೊಂಡು ನಮ್ಮ ಮನೆಯಲ್ಲೇ ಇದ್ದಳು. ನಗುಮುಖದವಳು. ಅವಳಿಗೆ ಮಕ್ಕಳಿರಲಿಲ್ಲ, ಆದರೆ ಮಧ್ಯಾಹ್ನವಾದರೆ ಲೈನಿನ ಹೆಣ್ಣುಮಕ್ಕಳೆಲ್ಲ ತಲೆ ಬಾಚಿಸಿಕೊಳ್ಳಲು ಅವಳ ಮುಂದೆ ಸಾಲಾಗಿ ಕೂರುತ್ತಿದ್ದೆವು. ನಮ್ಮ ಅಮ್ಮಂದಿರೂ ಅಕ್ಕಿ ಆರಿಸುವ ಮೊರ ಹಿಡಿದು ಬಂದು ಕೂರುತ್ತಿದ್ದರು. ಮರದ ಬಾಚಣಿಗೆ, ಕೊಬ್ಬರಿ ಎಣ್ಣೆ, ಮಡಿಲಲ್ಲಿ ಬಿಚ್ಚಿಟ್ಟ ಪತ್ರಿಕೆ. ತಲೆಯಲ್ಲಿ ಸಿಕ್ಕು ಹೆಚ್ಚಿದ್ದಷ್ಟೂ ಕಥೆ ಉದ್ದ. ನಾನು ಬೇಕೆಂದೇ ಕೂದಲು ಕೆದರಿಕೊಂಡು ಬಂದು ಕೂರುತ್ತಿದ್ದೆ.

ತೊಂದರೆ ಏನೆಂದರೆ, ಧಾರಾವಾಹಿ ಪ್ರತಿ ವಾರದ್ದು. ಗಾಡಿಯಲ್ಲಿ ಮರೆತು ಹೋಗುವವರು ಪ್ರತಿ ವಾರ ಮರೆಯಬೇಕಲ್ಲ? ಈ ವಾರದ್ದು ಸಿಕ್ಕಿದರೆ ಮುಂದಿನ ವಾರದ್ದು ಇಲ್ಲ. ಒಮ್ಮೊಮ್ಮೆ ತಿಂಗಳುಗಟ್ಟಲೆ ಇಲ್ಲ. ನಾಯಕಿ ಕಮಲಾಕ್ಷಿ ಒಂದು ವಾರ ಮದುವೆಯೇ ಬೇಡವೆಂದು ಬಾಗಿಲು ಹಾಕಿಕೊಂಡಿದ್ದಾಳೆ, ನಮಗೆ ಸಿಕ್ಕ ಮುಂದಿನ ವಾರದಲ್ಲಿ ಮಗುವಿಗೆ ಜ್ವರ ಬಂದಿದೆ ಅಂತ ಅಳುತ್ತಿದ್ದಾಳೆ. ನಡುವೆ ಏನಾಯಿತು? ಎಲ್ಲರೂ ನಾಗತ್ತೆಯ ಮುಖ ನೋಡುವುದು. ಅವಳು ಬಾಚಣಿಗೆ ನಿಲ್ಲಿಸಿ, ಹಣೆಯ ಬೆವರು ಒರೆಸಿಕೊಂಡು, "ತಡೀರಿ, ಬಿಟ್ಟ ವಾರ ಹೇಳ್ತೀನಿ" ಎಂದು ಶುರು ಮಾಡುತ್ತಿದ್ದಳು. ನಮ್ಮ ಲೈನಿನಲ್ಲಿ ಅದಕ್ಕೆ ಹೆಸರೇ ಅದು, ಬಿಟ್ಟ ವಾರ. ಇವತ್ತು ಓದಿದ ವಾರವೋ ಬಿಟ್ಟ ವಾರವೋ ಅಂತಲೇ ಕೇಳುತ್ತಿದ್ದೆವು. ಬಿಟ್ಟ ವಾರ ಅಂದರೆ ಮೊರ ಹಿಡಿದ ಕೈಗಳು ನಿಲ್ಲುತ್ತಿದ್ದವು.

ಅವಳು ಹೇಳಿದ್ದೆಲ್ಲ ಚೆನ್ನಾಗಿತ್ತು ಅಂತ ಹೇಳಿದರೆ ನಾಗತ್ತೆಯೇ ಬಂದು ನನ್ನ ಕಿವಿ ಹಿಂಡುತ್ತಾಳೆ. ಕೆಲವು ವಾರ ತೀರಾ ಕೆಟ್ಟದಾಗಿರುತ್ತಿತ್ತು. ಯಾರಿಗೋ ಅವಳಿ ಮಕ್ಕಳು, ಯಾರದೋ ಮನೆಗೆ ಬೆಂಕಿ, ದಾರಿ ಕಾಣದಿದ್ದರೆ ಎಲ್ಲರಿಗೂ ಕಾಲರಾ. ಅದನ್ನು ಹಿಡಿದು ನಿಲ್ಲಿಸಲು ಪಕ್ಕದ ಮನೆಯ ಜುಬೇದಕ್ಕ ಇದ್ದಳು, ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಕರೀಮಣ್ಣನ ಹೆಂಡತಿ. ಓದು ಬಾರದು. ಆದರೆ ಕಥೆಯ ಮಂದಿಯನ್ನೆಲ್ಲ ಸ್ವಂತ ಓರಗಿತ್ತಿಯರ ಹಾಗೆ ಬಲ್ಲವಳು. ಒಂದು ದಿನ ನಾಗತ್ತೆ ಕಮಲಾಕ್ಷಿಯ ಬಾಯಲ್ಲಿ ಗಂಡನಿಗೆ ಉದ್ದುದ್ದ ಬೈಗುಳ ಬೈಸಿದಳು. ಜುಬೇದಕ್ಕ ಎಲೆಯಡಿಕೆ ಉಗಿದು ಬಂದು, "ಏ ನಾಗೂ, ಅವಳು ಹಂಗೆ ಮಾತಾಡೋಳಲ್ಲ ಕಣೇ" ಎಂದಳು.

"ಯಾಕೆ ಮಾತಾಡಬಾರದು? ಸಿಟ್ಟು ಬಂದಿದೆ ಅವಳಿಗೆ."

"ಸಿಟ್ಟು ನಿಂಗೆ ಬಂದಿರೋದು. ಅವಳು ಸಿಟ್ಟು ಬಂದರೆ ಊಟ ಬಿಡ್ತಾಳೆ, ಮಾತೂ ಬಿಡ್ತಾಳೆ. ಅವಳ ಸಿಟ್ಟು ಅವಳಿಗಿರಲಿ, ನಿನ್ನದು ನೀನಿಟ್ಕೊ."

ನಾಗತ್ತೆಯ ಮುಖ ಒಂದು ಗಳಿಗೆ ಕೆಂಪಾಯಿತು. ಆಮೇಲೆ ತಲೆ ತಗ್ಗಿಸಿ ನಕ್ಕು, "ಹೌದು ಜುಬೇದಾ, ಇರು, ಇನ್ನೊಂದು ಸಲ ಹೇಳ್ತೀನಿ" ಎಂದು, ಹೆಣೆದಿದ್ದ ನನ್ನ ಜಡೆಯನ್ನು ಪೂರ್ತಿ ಬಿಚ್ಚಿ, ಮೊದಲಿನಿಂದ ಹೆಣೆಯುತ್ತ ಕಥೆಯನ್ನೂ ಮೊದಲಿನಿಂದ ಹೇಳಿದಳು. ಆ ಸಲ ಕಮಲಾಕ್ಷಿ ಒಂದು ಮಾತೂ ಆಡಲಿಲ್ಲ. ಗಂಡನ ತಟ್ಟೆಗೆ ಬಡಿಸಿ, ಅವನು ಉಂಡೆದ್ದ ಮೇಲೆ ದೀಪ ಆರಿಸಿ ಕೂತಳು, ಅಷ್ಟೇ. ನನ್ನ ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವತ್ತಿನಿಂದ ನಮ್ಮ ಲೈನಿನಲ್ಲಿ ಕಥೆಗೆ ಒಂದೇ ಪರೀಕ್ಷೆ. ಬಿಟ್ಟ ವಾರವಾಗಲಿ, ಓದಿದ ವಾರವಾಗಲಿ, ಅವಳು ಹಂಗೆ ಮಾತಾಡ್ತಾಳಾ, ಇಲ್ಲವಾ? ಪತ್ರಿಕೆಯಲ್ಲಿ ಅಚ್ಚಾದದ್ದನ್ನೂ ಜುಬೇದಕ್ಕ ಬಿಡುತ್ತಿರಲಿಲ್ಲ. "ಬರೆದೋರಿಗೆ ಈ ವಾರ ಮೈಗೆ ಹುಷಾರಿರಲಿಲ್ಲ" ಎಂದು ತೀರ್ಪು ಕೊಡುತ್ತಿದ್ದಳು. ಎಷ್ಟೋ ದಿನದ ಮೇಲೆ ತಪ್ಪಿಹೋಗಿದ್ದ ಸಂಚಿಕೆ ಯಾವುದೋ ಗಾಡಿಯಲ್ಲಿ ಸಿಕ್ಕಿಬಿಡುವುದೂ ಇತ್ತು. ಆಗ ನಾಗತ್ತೆಯ ವಾರವನ್ನೂ ಅಚ್ಚಿನ ವಾರವನ್ನೂ ಪಕ್ಕಪಕ್ಕ ಇಟ್ಟು ಜಗಳವೋ ಜಗಳ. ಅಚ್ಚಿನದು ಮಿಗಿಲಾಗಿದ್ದರೆ ನಾಗತ್ತೆ ಮೊದಲು ತಾನೇ ಒಪ್ಪಿಕೊಳ್ಳುತ್ತಿದ್ದಳು. "ಅಬ್ಬಾ, ಎಷ್ಟು ಚೆನ್ನಾಗಿ ಬರೆದಿದ್ದಾರೆ ಮಾರಾಯ್ತಿ. ನಂಗೆ ಹೊಳೀಲೇ ಇಲ್ಲ" ಎಂದು ಆ ಪುಟವನ್ನು ಅಂಗೈಯಿಂದ ಸವರುತ್ತಿದ್ದಳು.

ಆ ಧಾರಾವಾಹಿಯಲ್ಲಿ ಚೆನ್ನಿ ಅಂತ ಒಬ್ಬ ಹುಡುಗಿ ಬರುತ್ತಿದ್ದಳು. ಕಮಲಾಕ್ಷಿಯ ತವರಿನಲ್ಲಿ ಅಡುಗೆಯವಳ ಮಗಳು. ಒಂದು ವಾರ "ಚೆನ್ನಿ ಕೊಡವೆತ್ತಿಕೊಂಡು ನೀರಿಗೆ ಹೋದಳು" ಅಂತ ಬಂತು. ಹೋದವಳು ಹೋದಳು. ಮುಂದಿನ ವಾರದಲ್ಲಿಲ್ಲ, ಅದರ ಮುಂದಿನದರಲ್ಲಿಲ್ಲ. ಬಿಟ್ಟ ವಾರದಲ್ಲಿ ವಾಪಸು ಬಂದಿರಬೇಕು ಅಂದುಕೊಂಡೆವು. ಕ್ರಮೇಣ ಆ ಬಿಟ್ಟ ವಾರಗಳೂ ಒಂದೊಂದಾಗಿ ಸಿಕ್ಕವು. ಒಂದರಲ್ಲೂ ಚೆನ್ನಿ ಇಲ್ಲ. ಬರೆದವರು ಅವಳನ್ನು ನೀರಿಗೆ ಕಳಿಸಿ ಮರೆತೇಬಿಟ್ಟಿದ್ದರು! ಲೈನಿನ ಹೆಂಗಸರಿಗೆ ತಡೆಯಲಾಗಲಿಲ್ಲ. ಕಮಲಾಕ್ಷಿಯ ಬಂಗಲೆ, ಕಾರು, ವಕೀಲ ಗಂಡ ಯಾವುದೂ ಬೇಡವಾಯಿತು. "ನೀರಿಗೆ ಹೋದ ಹುಡುಗಿ ಎಲ್ಲಿ?" ಅದೊಂದೇ. ನಲ್ಲಿಯಲ್ಲಿ ಬಿಂದಿಗೆ ಇಟ್ಟು ಕಾಯುವಾಗಲೂ ಅದೇ ಮಾತು. ಅಪ್ಪ ಕೂಡ ಊಟಕ್ಕೆ ಕೂತು, "ಏನಮ್ಮ ನಾಗೂ, ಆ ಹುಡುಗಿ ಸಿಕ್ಕಿದಳಾ?" ಎಂದು ಕೇಳುತ್ತಿದ್ದರು.

ಹಾಗೆ ನಾಗತ್ತೆ ಚೆನ್ನಿಯನ್ನು ಕೈಗೆತ್ತಿಕೊಂಡಳು. ಪತ್ರಿಕೆ ಇರಲಿ ಬಿಡಲಿ, ದಿನವೂ ಬಿಟ್ಟ ವಾರವೇ. ಚೆನ್ನಿ ಬಾವಿಯಲ್ಲಿ ನೀರಿಲ್ಲವೆಂದು ಹೊಳೆಗೆ ಹೋದಳು, ಹೊಳೆ ಬತ್ತಿದೆಯೆಂದು ಮುಂದಕ್ಕೆ ನಡೆದಳು, ಗಾಡಿ ಹತ್ತಿದಳು, ಕೊನೆಗೆ ಬತ್ತದ ನದಿಯ ದಡದ ಕಲ್ಕತ್ತೆಗೆ ಬಂದು ಇಳಿದಳು. ನಾಗತ್ತೆಯ ಕಲ್ಕತ್ತೆಯಲ್ಲಿ ಬೀದಿಯ ನಡುವೆಯೇ ರೈಲು ಗಂಟೆ ಬಾರಿಸಿಕೊಂಡು ಹೋಗುತ್ತಿತ್ತು. ಮನೆಗಳ ಗೋಡೆಯ ಆಚೆ ಹಡಗುಗಳು ಕುತ್ತಿಗೆ ಎತ್ತಿ ಇಣುಕುತ್ತಿದ್ದವು. ನಾವು ರೈಲ್ವೆ ಮಕ್ಕಳು, ಬೀದಿಯಲ್ಲಿ ರೈಲು ಓಡುವುದೆಂದರೆ ನಂಬುತ್ತೇವೆಯೇ? ಅತ್ತೆ ಬುರುಡೆ ಬಿಡುತ್ತಾಳೆ ಅಂತ ನಗುತ್ತಿದ್ದೆವು. ಚೆನ್ನಿ ಅಲ್ಲಿ ಗಂಜಿ ಹಾಕಿದ ಬಿಳಿ ಸೀರೆ ಉಟ್ಟು, ನಾಲ್ಕು ಮನೆಗೆ ಬೇಕಾದವಳಾಗಿ, ಯಾರಿಗೂ ಹೆದರದೆ ಬದುಕುತ್ತಿದ್ದಳು. ಒಂದೇ ಒಂದು ವಿಷಯ. ಅವಳನ್ನು ನಾಗತ್ತೆ ಮನೆಗೆ ಕರೆತರಲೇ ಇಲ್ಲ. "ಯಾವಾಗ ಬರ್ತಾಳೆ ಅತ್ತೆ?" ಎಂದರೆ, "ಬರ್ತಾಳೆ ತಡೀ. ಕೊಡ ತುಂಬಬೇಕಲ್ಲ" ಅನ್ನುತ್ತಿದ್ದಳು. ಅದನ್ನು ಮಾತ್ರ ಜುಬೇದಕ್ಕ ಎಂದೂ ಪ್ರಶ್ನೆ ಮಾಡಲಿಲ್ಲ. ಆ ಮಾತು ಬಂದಾಗ ಅವಳು ನಾಗತ್ತೆಯ ಕೈಯಿಂದ ಬಾಚಣಿಗೆ ಇಸಿದುಕೊಂಡು, ನಾಗತ್ತೆಯನ್ನೇ ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು.

ಆ ಲೈನು ಈಗಿಲ್ಲ. ಹಳಿ ಅಗಲ ಮಾಡುವಾಗ ಮನೆಗಳನ್ನು ಕೆಡವಿದರಂತೆ. ನಾಗತ್ತೆ ಅದಕ್ಕೂ ಎಷ್ಟೋ ಮುಂಚೆ, ಶ್ರೀಧರ ಇನ್ನೂ ತೊಟ್ಟಿಲಲ್ಲಿದ್ದಾಗ ತೀರಿಕೊಂಡಳು. ಬಾಣಂತಿಯೆಂದು ನನ್ನನ್ನು ಕಳಿಸಲಿಲ್ಲ. ಜುಬೇದಕ್ಕನೇ ಕೊನೆಯ ಸಲ ತಲೆ ಬಾಚಿ ಕಳಿಸಿಕೊಟ್ಟಳಂತೆ. ಚೆನ್ನಿ ಕಲ್ಕತ್ತೆಯಲ್ಲೇ ಉಳಿದಳು. ಎಷ್ಟೋ ವರ್ಷದ ಮೇಲೆ ಶ್ರೀಧರನ ಕೆಲಸದ ದೆಸೆಯಿಂದ ನಾನು ಈ ಊರಿಗೆ ಬಂದಿಳಿದ ಮೊದಲ ವಾರ, ಬೀದಿಯ ನಡುವೆ ಟ್ರಾಮು ಟಣಟಣ ಗಂಟೆ ಬಾರಿಸಿಕೊಂಡು ಬಂತು ನೋಡಿ, ನಾನು ಫುಟ್‌ಪಾತಿನಲ್ಲಿ ನಿಂತು ಅತ್ತುಬಿಟ್ಟೆ. ಖಿದಿರ್‌ಪುರದ ಹಡಗುಕಟ್ಟೆಯ ಕಡೆ ಹೋದಾಗ ಗೋಡೆಯ ಆಚೆ ಹಡಗಿನ ತಲೆಯೂ ಕಂಡಿತು. ಬುರುಡೆಯಲ್ಲ, ಎಲ್ಲ ನಿಜ. ಒಂದೇ ಒಂದು ಸಲ ಬಂದುಹೋದ ಗಂಡ ಹೇಳಿದ ನಾಲ್ಕು ಮಾತನ್ನು ಅವಳು ಅಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಇದನ್ನೆಲ್ಲ ನಾನು ಇಳಾಗೆ ಹೇಳಿದ್ದು ಪರೀಕ್ಷೆಯ ದಿನಗಳ ಮಧ್ಯಾಹ್ನಗಳಲ್ಲಿ. ಅವಳದು ಗಂಡುಹುಡುಗರ ಹಾಗೆ ಕತ್ತರಿಸಿದ ಕ್ರಾಪು, ಬಾಚಲು ಏನೂ ಇಲ್ಲ. ಅದಕ್ಕೆ ನಾನೇ ಅವಳ ಮುಂದೆ ಕೂತೆ. "ನನ್ನ ತಲೆ ಬಾಚೇ, ಸಿಕ್ಕು ಇದ್ದಷ್ಟು ಕಥೆ ಹೇಳ್ತೀನಿ" ಎಂದೆ. ಉದುರಿ ಉಳಿದ ನನ್ನ ಇಷ್ಟೇ ಇಷ್ಟು ಕೂದಲನ್ನು ಅವಳು ಹಕ್ಕಿಯ ಗೂಡು ಮುಟ್ಟಿದ ಹಾಗೆ ಮುಟ್ಟುತ್ತ ಬಾಚಿದಳು. ಆಮೇಲೆ ತನ್ನ ದೀಪದ ಹುಡುಗಿಯ ಕಥೆಯನ್ನೂ ನನಗೆ ಕನ್ನಡದಲ್ಲಿ ಹೇಳಿದಳು. ತಡವರಿಸಿ, ನಡುನಡುವೆ ಬಂಗಾಳಿ ಹಾಕಿ, ಕೈಯಲ್ಲಿ ಅಭಿನಯಿಸಿ. ಎಷ್ಟು ಚೆನ್ನಾಗಿತ್ತು ಅಂತೀರಿ! ಒಂದು ಕಡೆ ಆ ಹುಡುಗಿ ರಾಣಿಯ ಎದುರು ನಿಂತು ನ್ಯಾಯ ಅನ್ಯಾಯದ ಮೇಲೆ ಉದ್ದ ಭಾಷಣ ಮಾಡಿದಳು. ನನ್ನ ಬಾಯಿಂದ ತಾನಾಗಿ ಬಂತು, "ಅವಳು ಹಂಗೆ ಮಾತಾಡೋಳಲ್ಲ ಕಣೇ."

ಬಾಚಣಿಗೆ ನಿಂತಿತು. "ಅಜ್ಜಿ! ಕೊರಿಯಾದ ಒಬ್ಬಳು ಓದಿ ಇದನ್ನೇ ಬರೆದಿದ್ದಾಳೆ. ಇದೇ ಮಾತು!"

"ಹಾಗಾದರೆ ಜುಬೇದಕ್ಕ ಅಲ್ಲೂ ಇದ್ದಾಳೆ ಬಿಡು" ಎಂದೆ. ಇಬ್ಬರೂ ನಕ್ಕು ನಕ್ಕು ಸಾಕಾಯಿತು. ನಗು ನಿಂತ ಮೇಲೆ ಇಳಾ ಮೆಲ್ಲಗೆ ಕೇಳಿದಳು, "ಅಜ್ಜಿ, ಚೆನ್ನಿ ಮನೆಗೆ ಬಂದ ವಾರ ಇಲ್ಲವೇ ಇಲ್ವಾ?"

"ಇಲ್ಲ ಮಗಾ. ಅದೊಂದು ಬಿಟ್ಟೇ ಹೋಯ್ತು."

ಅವಳು ಬಾಚಣಿಗೆಯನ್ನು ಮತ್ತೆ ನನ್ನ ಕೂದಲಿಗೆ ಹಚ್ಚಿದಳು. ಎಲ್ಲವನ್ನೂ ಅಳಿಸುವ ಮಾತನ್ನು ನಾನು ಕೆದಕಲಿಲ್ಲ. ಪರೀಕ್ಷೆ ಮುಗಿದ ಮೇಲಿನ ಭಾನುವಾರ ಬೆಳಗ್ಗೆ ಅವಳು ಕೆಲವು ಹಾಳೆಗಳನ್ನು ತಂದು ಊಟದ ಮೇಜಿನ ಮೇಲೆ ಅಪ್ಪನ ಮುಂದೆ ಇಟ್ಟಳು. ಕೈಬರಹ, ಅದೂ ಕನ್ನಡದಲ್ಲಿ! ಒಂದೊಂದು ಅಕ್ಷರ ಒಂದೊಂದು ದಿಕ್ಕಿಗೆ ವಾಲಿಕೊಂಡು, ನಡೆಯಲು ಕಲಿಯುವ ಮಕ್ಕಳ ಹಾಗೆ. "ಬಾಬಾ, ಇದು ನನ್ನ ಸ್ವಂತದ್ದಲ್ಲ. ನಿನ್ನ ಅಜ್ಜಿಯ ವಯಸ್ಸಿನ ಒಬ್ಬರು ಶುರು ಮಾಡಿದ್ದು. ಅದೂ ಅವರದ್ದಲ್ಲ, ಯಾರದೋ. ಓದಿ ನೋಡು" ಎಂದಳು. ಶ್ರೀಧರ ಕನ್ನಡಕ ಹಾಕಿಕೊಂಡು, ಅಭ್ಯಾಸದಂತೆ ಪೆನ್ಸಿಲ್ ಕೈಗೆ ತೆಗೆದುಕೊಂಡ. ನಾನು ಗಂಜಿಗೆಂದು ತೆಗೆದ ಲೋಟ ಹಿಡಿದುಕೊಂಡೇ ಎದುರಿಗೆ ಕೂತೆ, ಅವನು ಗಟ್ಟಿಯಾಗಿಯೇ ಓದತೊಡಗಿದ.

ಚೆನ್ನಿ ದಕ್ಷಿಣೇಶ್ವರದ ಘಾಟಿನ ಮೆಟ್ಟಿಲಿಳಿದು ಕೊಡ ಮುಳುಗಿಸಿದಳು. ನೀರು ಗುಳುಗುಳು ಒಳಗೆ ನುಗ್ಗುವ ಶಬ್ದವನ್ನು ಇಳಾ ಹೇಗೆ ಬರೆದಿದ್ದಳೆಂದರೆ ಕೂದಲು ನೆರೆತ ಹೆಂಗಸೊಬ್ಬಳು ಬಗ್ಗಿದ್ದು ನನಗೆ ಕಣ್ಣಾರೆ ಕಂಡಿತು. ಕೊಡ ತುಂಬಿತು. ಗಾಡಿ ಹತ್ತಿದಳು, ಒಂದು ಹನಿ ಚೆಲ್ಲದಂತೆ ಮಡಿಲಲ್ಲಿ ಇಟ್ಟುಕೊಂಡು ದೇಶವನ್ನೆಲ್ಲ ದಾಟಿದಳು. ಮೈಸೂರು ಪ್ಯಾಸೆಂಜರು ನಿಂತಿತು. ಡಬ್ಬಿ ಗುಡಿಸಲು ಬಂದವರೊಬ್ಬರು ಕೈಹಿಡಿದು ಇಳಿಸಿದರು. ಅದು ನನ್ನ ಅಪ್ಪ! ನಾನು ಇಳಾಗೆ ಅಪ್ಪನ ಬಗ್ಗೆ ಹೇಳಿದ್ದೇ ಕಡಿಮೆ, ಎಷ್ಟು ಮೆತ್ತಗೆ ಕೈಹಿಡಿಸಿದ್ದಳು ಪುಣ್ಯಾತ್ಗಿತ್ತಿ. ಶ್ರೀಧರನ ಪೆನ್ಸಿಲ್ ಓಡುತ್ತಲೇ ಇತ್ತು. ಒತ್ತಕ್ಷರ ತಿದ್ದಿದ, "ಬಂದ" ಇದ್ದಲ್ಲಿ "ಬಂದಳು" ಮಾಡಿದ. ಓದುತ್ತ ಓದುತ್ತ ಅವನ ದನಿ ತಗ್ಗುತ್ತ ಬಂತು. ಹಸಿರು ಬಾಗಿಲು, ಕಲ್ಲಿನ ಪಡಸಾಲೆ. ನಾಗತ್ತೆ ಯಾರೋ ಹೆತ್ತ ಮಗುವಿನ ತಲೆ ಬಾಚುತ್ತ ಕೂತಿದ್ದಾಳೆ. ಅಲ್ಲಿಗೆ ಬಂದಾಗ ಅವನು ಕ್ಷಣಕಾಲ ನಿಂತು ಮಗಳ ಕಡೆ ನೋಡಿದ. ಅವಳು ನೋಡಲಿಲ್ಲ. ನೆರಳು ಬಿತ್ತೆಂದು ನಾಗತ್ತೆ ತಲೆಯೆತ್ತುತ್ತಾಳೆ. ಬಾಗಿಲಲ್ಲಿ ಚೆನ್ನಿ, ಸೊಂಟದ ಮೇಲೆ ತುಂಬಿದ ಕೊಡ. ಒಬ್ಬರನ್ನೊಬ್ಬರು ನೋಡುತ್ತಾರೆ. ಚೆನ್ನಿ ಕೇಳುತ್ತಾಳೆ, "ನೀರು ತಿಂತೀಯಾ ಅತ್ತೆ?"

ಕಥೆ ಅಲ್ಲಿಗೇ ಮುಗಿದಿತ್ತು. ಶ್ರೀಧರನ ಪೆನ್ಸಿಲ್ ತನ್ನಷ್ಟಕ್ಕೆ ತಾನೇ "ತಿಂತೀಯಾ" ಮೇಲೆ ಒಂದು ಗೀಟು ಎಳೆಯಿತು. ಇಳಾ ತಟ್ಟನೆ ಅವನ ಮಣಿಕಟ್ಟು ಹಿಡಿದುಕೊಂಡಳು.

"ಬೇರೆ ಕಡೆ ಎಲ್ಲಾ ತಿದ್ದು ಬಾಬಾ. ಅಲ್ಲಿ ಬೇಡ. ಅದು ನನ್ನ ತಪ್ಪಲ್ಲ. ಇಷ್ಟು ವರ್ಷ ಕಲ್ಕತ್ತೆಯಲ್ಲಿ ಇದ್ದಳು. ಅವಳು ಹಂಗೇ ಮಾತಾಡೋದು."

ಶ್ರೀಧರ ಆ ಕೊನೆಯ ಹಾಳೆಯನ್ನು ಮೇಲಿನಿಂದ ಮತ್ತೆ ಓದಿಕೊಂಡ, ಈ ಸಲ ಮನಸ್ಸಿನಲ್ಲಿ. ಅಡುಗೆಮನೆಯಲ್ಲಿ ಮಿನತಿ ಪಾತ್ರೆ ಬಗ್ಗಿಸಿದ ಶಬ್ದ. ಅವನು ಎದ್ದುಹೋಗಿ ತನ್ನ ಮೇಜಿನಿಂದ ರಬ್ಬರು ತಂದ. ತಾನೆಳೆದ ಗೀಟನ್ನು, ಕೆಳಗಿನ ಅಕ್ಷರ ಮಾಸದ ಹಾಗೆ, ಸಣ್ಣ ಮಗುವಿನ ಮುಖ ಒರೆಸಿದಂತೆ ಒರೆಸಿದ. "ಹೌದು ಇಳಾ. ಹಾಗೇ ಮಾತಾಡ್ತಾಳೆ. ಬೇರೆ ಥರ ಮಾತಾಡಿದ್ರೆ ಅವಳು ಚೆನ್ನೀನೇ ಅಲ್ಲ" ಎಂದ. ಆಮೇಲೆ, "ಆ ದೀಪದ ಹುಡುಗಿಯದ್ದು ಅಳಿಸಿಬಿಟ್ಯಾ?" ಅಂತ ಕೇಳಿದ.

"ಇಲ್ಲ. ಅವಳದ್ದೂ ಒಂದು ವಾರ ಬಾಕಿ ಇದೆ."

"ನಂಗೆ ಓದೋಕೆ ಕೊಡು."

ನಾನು ಏನು ಮಾಡಿದೆ ಅಂತ ಕೇಳುತ್ತೀರಾ? ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. ಮಿನತಿಯನ್ನು ಕರೆದು ತಬ್ಬಿಕೊಂಡೆ. ಅವಳಿಗೆ ಏನೆಂದು ತಿಳಿಯದಿದ್ದರೂ ಅವಳೂ ನಕ್ಕಳು. ಈ ವಯಸ್ಸಿನಲ್ಲಿ ಇಷ್ಟು ಸಂತೋಷ ಮೈಗೆ ಒಳ್ಳೆಯದೋ ಅಲ್ಲವೋ ಡಾಕ್ಟರನ್ನೇ ಕೇಳಬೇಕು. ಕಥೆ ಯಾರದು, ಅಚ್ಚು ಹಾಕಿಸಿದವರದೋ ಮುಂದುವರಿಸಿದವರದೋ, ಅದು ಓದಿದವರು ತೀರ್ಮಾನ ಮಾಡಲಿ. ಚೆನ್ನಿಯನ್ನು ಹೆತ್ತವರಿಗೂ ನಾನು ಋಣಿ, ಅವರು ಮರೆಯದಿದ್ದರೆ ನಮಗೆ ಅವಳು ಸಿಗುತ್ತಿರಲಿಲ್ಲ. ಅವಳನ್ನು ಸಾಕಿದ ನಾಗತ್ತೆಗೂ, ಕಾದ ಜುಬೇದಕ್ಕನಿಗೂ, ಗಾಡಿಯಲ್ಲಿ ಪತ್ರಿಕೆ ಬಿಟ್ಟುಹೋದ ಹೆಸರರಿಯದ ಮಂದಿಗೂ, ಕರೆದುಕೊಂಡು ಬಂದ ಈ ಕ್ರಾಪಿನ ಹುಡುಗಿಗೂ.

ಲೈನು ಇಲ್ಲ, ನಲ್ಲಿ ಇಲ್ಲ, ಪಡಸಾಲೆಯ ಕಲ್ಲು ಯಾರ ಮನೆಯ ಮೆಟ್ಟಿಲಾಯಿತೋ. ಆದರೆ ಮಧ್ಯಾಹ್ನ ಕಣ್ಣು ಮುಚ್ಚಿದರೆ ಈಗ ಆ ಹಸಿರು ಬಾಗಿಲಲ್ಲಿ ಒಬ್ಬಳು ಕೊಡ ಇಳಿಸುತ್ತಾಳೆ. ನಾಗತ್ತೆ ಬಾಚಣಿಗೆ ಪಕ್ಕಕ್ಕಿಟ್ಟು ಎರಡೂ ಕೈ ಬೊಗಸೆ ಮಾಡಿ ಮುಂದೆ ಚಾಚುತ್ತಾಳೆ. ಎಷ್ಟು ವರ್ಷದ ಬಾಯಾರಿಕೆಯೋ ಅದು. ನಿಧಾನವಾಗಿ, ಒಂದೊಂದೇ ತುತ್ತಾಗಿ, ಅವಳು ಆ ನೀರು ತಿನ್ನುತ್ತಾಳೆ.